ಬೆಕ್ಕಿಗೊಂದು ನೂಲಿನ ಚೆಂಡು

ಮಳೆಗಾಲದಲ್ಲಿ ಹೊರಗೆ ಕಾಲಿಡದ ಮರಿಗಳಿಗೆ ಕ್ರೋಶಾದಲ್ಲಿ ಆಟಿಕೆ ಹೆಣೆಯಬಹುದೇ ಎಂದು ಸಿದ್ದಾಪುರದ ಓದುಗರೊಬ್ಬರು ಕೇಳಿದ್ದಾರೆ.

ಖಂಡಿತ ಹೆಣೆಯಬಹುದು. ಆದರೆ ಮರಿಯ ಪಾಲಿಗೆ ಆಟಿಕೆಯೆಂದರೆ ಬೇಟೆ. ಕಚ್ಚಿ, ಹಿಂಗಾಲಿನಿಂದ ಪರಚಿ ಎಳೆ ಬಿಡಿಸುತ್ತದೆ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುವುದರಿಂದ ಬಾಯಿಗೆ ಸಿಕ್ಕ ನೂಲನ್ನು ಉಗುಳುವುದು ಅದಕ್ಕೆ ಕಷ್ಟ. ನುಂಗಿದ ನೂಲಿನ ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದಲ್ಲೋ ಸಿಕ್ಕಿಕೊಂಡರೆ, ಚಲಿಸುತ್ತಲೇ ಇರುವ ಕರುಳು ನೆರಿಗೆಗಟ್ಟಿ, ಕೊನೆಗೆ ಕೊಯ್ದುಹೋಗಬಹುದು.

ಹಾಗಾಗಿ ಬಾಲ, ಕುಚ್ಚು, ಗುಂಡಿಯ ಕಣ್ಣು, ಗೆಜ್ಜೆ ಯಾವುದೂ ಬೇಡ. ನಯವಾದ ಹತ್ತಿ ನೂಲು, 2.5 ಮಿ.ಮೀ. ಕಡ್ಡಿ ಸಾಕು. 6 ಸಿಂಗಲ್ ಕ್ರೋಶಾದಿಂದ ಆರಂಭಿಸಿ, ಸುತ್ತಿಗೆ 6ರಂತೆ ಹೆಚ್ಚಿಸುತ್ತ 24ಕ್ಕೆ ನಿಲ್ಲಿಸಿ, ಕೆಲವು ಸುತ್ತು ಹಾಗೆಯೇ ಹೆಣೆದು, ಅದೇ ಲೆಕ್ಕದಲ್ಲಿ ಇಳಿಸಿದರೆ ನಿಂಬೆಹಣ್ಣಿನಷ್ಟು ಚೆಂಡು ಸಿದ್ಧ. ಬೆರಳು ತೂರದಷ್ಟು ಬಿಗಿಯಾಗಿರಲಿ. ಒಳಗೆ ಚೂರುಗಳ ಬದಲು ಹಳೆಯ ಹತ್ತಿಸೀರೆಯ ಒಂದೇ ದೊಡ್ಡ ತುಂಡು. ಕೊನೆಯ ಎಳೆಯನ್ನು ಸೂಜಿಯಿಂದ ಮೂರ್ನಾಲ್ಕು ದಿಕ್ಕಿಗೆ ಹಾಯಿಸಿಯೇ ಕತ್ತರಿಸಬೇಕು.

ಶಿರಸಿ, ಯಲ್ಲಾಪುರದ ಕಡೆ ಕಳೆಯಾಗಿ ಬೆಳೆಯುವ ಕುಪ್ಪಿಗಿಡದ ಬೇರಿಗೆ ಬೆಕ್ಕುಗಳು ಮರುಳಾಗುತ್ತವೆ. ಅದನ್ನು ಚೆಂಡಿನೊಳಗೆ ತುಂಬುವ ಆಸೆ ಸಹಜ. ಆದರೆ ಗಿಡದಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇರುವುದರಿಂದ, ಅಗಿಯುವ ಆಟಿಕೆಗೆ ಅದು ಬೇಡ.

ಆಟ ಮುಗಿದ ಮೇಲೆ ಚೆಂಡನ್ನು ಎತ್ತಿಡಬೇಕು, ಎಳೆ ಬಿಟ್ಟಿದ್ದರೆ ಎಸೆಯಬೇಕು. ತೊಳೆದದ್ದು ಜಡಿಮಳೆಯಲ್ಲಿ ಬೂಸ್ಟು ಹಿಡಿಯದಂತೆ ಬಚ್ಚಲ ಒಲೆಯ ಬಳಿ ಪೂರ್ತಿ ಒಣಗಲಿ.

ಬಾಯಿಂದಲೋ ಗುದದಿಂದಲೋ ನೂಲು ಇಣುಕಿದರೆ ಎಳೆಯಲೇಬಾರದು. ಹಾಗೆ ಇಣುಕಿದರೂ, ಮರಿ ವಾಂತಿ ಮಾಡಿದರೂ, ಊಟ ಬಿಟ್ಟರೂ ಅಂದೇ ಪಶುವೈದ್ಯರ ಬಳಿ ಒಯ್ಯಬೇಕು.