ಹಣಪಾವತಿಯ ಆ್ಯಪ್: ಕಣ್ಣು, ಕೈ, ಮನಸ್ಸುಗಳಿಗೆ ಒಗ್ಗುವ ವಿನ್ಯಾಸ

ದೆಹಲಿಯ ತಾಲ್ಕಟೋರಾ ಕ್ರೀಡಾಂಗಣದಲ್ಲಿ 2016ರ ಡಿಸೆಂಬರ್ 30ರಂದು 'ಭೀಮ್' ಆ್ಯಪ್ ಬಿಡುಗಡೆಯಾಯಿತು. ಅದಕ್ಕೆ ಆಧಾರವಾದ ಯು.ಪಿ.ಐ. ವ್ಯವಸ್ಥೆಯನ್ನು ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಅದೇ ವರ್ಷದ ಏಪ್ರಿಲ್‌ನಲ್ಲಿ ಪರಿಚಯಿಸಿತ್ತು. ಇಂದು ಕರೋಲ್ ಬಾಗಿನ ತರಕಾರಿ ಗಾಡಿಯಿಂದ ನೋಯಿಡಾದ ಔಷಧದ ಅಂಗಡಿಯವರೆಗೆ ಎಲ್ಲೆಡೆಯೂ ಮೊಬೈಲಿನಿಂದಲೇ ಹಣ ಸಲ್ಲುತ್ತದೆ. ಆದರೆ ಮಕ್ಕಳೊಡನೆ ಇರಲೆಂದು ಊರಿನಿಂದ ಬಂದ ಹಿರಿಯರಲ್ಲಿ ಅನೇಕರು ಒಂದು ಮಾತ್ರೆಯ ಪಟ್ಟಿ ಕೊಳ್ಳುವುದಕ್ಕೂ ಮಗನೋ ಸೊಸೆಯೋ ಕಚೇರಿಯಿಂದ ಬರುವುದನ್ನು ಕಾಯುತ್ತಾರೆ. ಇದಕ್ಕೆ ಅವರ ಅಜ್ಞಾನವೊಂದೇ ಕಾರಣವಲ್ಲ. ಮುಪ್ಪಿನ ದೇಹಧರ್ಮವನ್ನು ಗಮನಿಸದೆ ರಚಿತವಾದ ತೆರೆಯೂ ಅಷ್ಟೇ ಕಾರಣ.

ಕಣ್ಣು

ನಲವತ್ತರ ಆಚೆಗೆ ಕಣ್ಣಿನ ಮಸೂರವು ನಮ್ಯತೆಯನ್ನು ಕಳೆದುಕೊಂಡು ಚಾಳೀಸು ಬರುತ್ತದೆ. ಹತ್ತಿರದ ಅಕ್ಷರ ಮಸುಕಾಗುತ್ತದೆ. ಮುಂದೆ ಪೊರೆ ಬೆಳೆದಾಗ ಬಿಳಿಯ ಮೇಲೆ ಬರೆದ ತಿಳಿಬೂದು ಬಣ್ಣದ ಅಕ್ಷರ ಕಾಣದಂತಾಗುತ್ತದೆ. ಆದುದರಿಂದ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಪ್ರಕಾಶದ ಪ್ರಮಾಣವು ಕನಿಷ್ಠ 4.5ಕ್ಕೆ 1 ಇರಬೇಕೆಂದೂ, ಅಕ್ಷರವನ್ನು ಎರಡು ಪಟ್ಟು ಹಿಗ್ಗಿಸಿದರೂ ಮಾಹಿತಿ ಮರೆಯಾಗಬಾರದೆಂದೂ ಅಂತಾರಾಷ್ಟ್ರೀಯ ಜಾಲತಾಣ ನಿಯಮಾವಳಿ ವಿಧಿಸುತ್ತದೆ. ಕೆಂಪು, ಹಸಿರುಗಳ ಭೇದ ತಿಳಿಯದವರೂ ಇರುವುದರಿಂದ ಬಣ್ಣವೊಂದರಿಂದಲೇ ಫಲಿತಾಂಶವನ್ನು ಸೂಚಿಸದೆ 'ಹಣ ಸಂದಿದೆ', 'ಹಣ ಸಂದಿಲ್ಲ' ಎಂದು ಬರೆಯುವುದು ಉಚಿತ.

ಕನ್ನಡದ ವಿಷಯದಲ್ಲಿ ಇನ್ನೊಂದು ತೊಡಕುಂಟು. ಇಂಗ್ಲಿಷಿನ ಅಳತೆಗೆ ಕೊಯ್ದ ಗುಂಡಿಯಲ್ಲಿ ನಮ್ಮ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತದೆ. 'ಮೊತ್ತ'ವು 'ಮೊತ'ವಾದರೆ, 'ರದ್ದು' ಎಂಬುದು 'ರದು' ಆದರೆ ಓದುವವರಿಗೆ ಏನು ತಿಳಿದೀತು? ಸಾಲುಗಳ ನಡುವೆ ಹೆಚ್ಚು ಅಂತರವಿರುವುದು ಕನ್ನಡ ಲಿಪಿಗೆ ಅನಿವಾರ್ಯ. ಅನುವಾದವೂ ಬ್ಯಾಂಕಿನ ಗುಮಾಸ್ತರು ಆಡುವ ಸರಳ ಕನ್ನಡದಲ್ಲಿರಬೇಕು.

ಕೈ

ಸಂಧಿವಾತದಿಂದ ಬೆರಳು ಬಿಗಿದವರಿಗೂ, ಪಾರ್ಕಿನ್ಸನ್ ರೋಗದಿಂದ ಕೈ ನಡುಗುವವರಿಗೂ ಸಣ್ಣ ಗುಂಡಿಗಳು ಶತ್ರುಗಳೇ ಸರಿ. ಗುಂಡಿ ಬೆರಳಿನ ತುದಿಗಿಂತ ದೊಡ್ಡದಾಗಿರಬೇಕು. 'ಕಳುಹಿಸು', 'ರದ್ದುಮಾಡು' ಎಂಬ ಎರಡು ಗುಂಡಿಗಳು ಒಂದಕ್ಕೊಂದು ಅಂಟಿಕೊಂಡಿರಬಾರದು. ಕೈ ತಪ್ಪಿ ಒಂದು ಸೊನ್ನೆ ಹೆಚ್ಚಾದರೆ ಐನೂರು ಐದು ಸಾವಿರವಾಗುತ್ತದೆ. ಆದುದರಿಂದ ಅಂಕಿಯ ಕೆಳಗೆ 'ಐದು ಸಾವಿರ ರೂಪಾಯಿ' ಎಂದು ಅಕ್ಷರದಲ್ಲಿಯೂ ತೋರಿಸಿ ಒಪ್ಪಿಗೆ ಕೇಳುವುದು ಕ್ಷೇಮ. ಜಾಲತಾಣದಲ್ಲಿಯೂ ಆ್ಯಪ್‌ನಲ್ಲಿಯೂ ಹಂತಗಳ ಕ್ರಮ ಒಂದೇ ಆಗಿದ್ದರೆ ಒಮ್ಮೆ ಕಲಿತದ್ದು ಎರಡೂ ಕಡೆ ಉಪಯೋಗಕ್ಕೆ ಬರುತ್ತದೆ.

ಮನಸ್ಸು

ಹಣ ಕಡಿತವಾಗಿ ಅಂಗಡಿಯವನಿಗೆ ತಲುಪದಿದ್ದಾಗ ಹಿರಿಯರು ಗಾಬರಿಯಿಂದ ಮತ್ತೊಮ್ಮೆ ಹಣ ಕಳುಹಿಸುವುದುಂಟು. ಅಂಥ ಸಮಯದಲ್ಲಿ ತೆರೆಯು ಸಂಕೇತಸಂಖ್ಯೆಗಳನ್ನು ಒದರದೆ 'ತುಸು ಕಾಯಿರಿ, ಮತ್ತೆ ಕಳುಹಿಸಬೇಡಿ' ಎಂದು ಸಮಾಧಾನ ಹೇಳಬೇಕು.

ವಿನ್ಯಾಸದಿಂದ ಮೋಸವೂ ತಗ್ಗುತ್ತದೆ. 'ನಿಮಗೆ ಹಣ ಬರುತ್ತದೆ' ಎಂದು ನಂಬಿಸಿ, ಹಣ ಕೋರುವ ಸೂಚನೆಯನ್ನು ಕಳುಹಿಸಿ, ರಹಸ್ಯಸಂಖ್ಯೆ ಒತ್ತಿಸಿ ದೋಚುವ ವಂಚನೆ ಬಹುಕಾಲ ನಡೆಯಿತು. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಇಂಥ ಕೋರಿಕೆಗಳನ್ನು ಪಾವತಿ ನಿಗಮವು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಹಣ ಪಡೆಯುವವರ ಹೆಸರನ್ನು ಬ್ಯಾಂಕಿನ ದಾಖಲೆಯಲ್ಲಿರುವಂತೆಯೇ ತೋರಿಸಬೇಕೆಂದೂ ಅದೇ ವರ್ಷ ವಿಧಿಸಿತು. ಬಳಸುವವರಿಗೆ ಎಚ್ಚರಿಕೆ ಹೇಳುವುದರ ಜೊತೆಗೆ ಎಡವುವ ಕಲ್ಲನ್ನೇ ತೆಗೆಯುವುದು ಜಾಣತನ.

ಹಕ್ಕಿನ ಮಾತು

ಇದು ಕೇವಲ ಔದಾರ್ಯದ ವಿಷಯವಲ್ಲ. ಗುರುತು ದೃಢೀಕರಣಕ್ಕಾಗಿ ಕಣ್ಣು ಮಿಟುಕಿಸಬೇಕೆಂಬ ನಿಬಂಧನೆಯಿಂದ, ಆಮ್ಲದಾಳಿಯಲ್ಲಿ ಮುಖ, ಕಣ್ಣುಗಳಿಗೆ ಹಾನಿಯಾದವರೂ ಅಂಧರೂ ಬ್ಯಾಂಕು ಮೊದಲಾದ ಸೇವೆಗಳ ಹೊರಗೆ ನಿಲ್ಲಬೇಕಾಗಿತ್ತು. ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲ್ 30ರಂದು ತೀರ್ಪಿತ್ತು, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿ ಅಡಕವಾಗಿದೆಯೆಂದು ಸಾರಿ, 20 ನಿರ್ದೇಶನಗಳನ್ನು ನೀಡಿತು.

ಮನೆಯವರ ಕರ್ತವ್ಯ

1. ಮೊಬೈಲಿನ ಅಕ್ಷರವನ್ನು ದೊಡ್ಡದು ಮಾಡಿ, ಆ್ಯಪ್‌ನಲ್ಲಿ ಕನ್ನಡವಿದ್ದರೆ ಅದನ್ನೇ ಆರಿಸಿಕೊಡಬೇಕು.

2. ದೊಡ್ಡ ಮೊತ್ತವಿರುವ ಖಾತೆಯ ಬದಲು ಅಲ್ಪ ಹಣವಿರುವ ಪ್ರತ್ಯೇಕ ಖಾತೆಯನ್ನು ಜೋಡಿಸುವುದು ಲೇಸು.

3. ಹಣ ಪಡೆಯುವುದಕ್ಕೆ ರಹಸ್ಯಸಂಖ್ಯೆ ಬೇಡವೆಂಬುದನ್ನು ಮನದಟ್ಟು ಮಾಡಬೇಕು.

4. ಸಾಧಾರಣ ಫೋನು ಮಾತ್ರ ಉಳ್ಳವರಿಗಾಗಿ ರಿಸರ್ವ್ ಬ್ಯಾಂಕು 2022ರ ಮಾರ್ಚ್ 8ರಂದು ಆರಂಭಿಸಿದ ಯು.ಪಿ.ಐ. 123 ಪೇ ಸೌಲಭ್ಯವನ್ನು ತಿಳಿಸಿಕೊಡಬೇಕು.

5. ವಂಚನೆಯಾದರೆ ನಾಚಿಕೆಪಟ್ಟು ಮುಚ್ಚಿಡದೆ ಒಡನೆಯೇ 1930 ಸಂಖ್ಯೆಗೂ ಬ್ಯಾಂಕಿಗೂ ತಿಳಿಸಬೇಕು.

ವಿನ್ಯಾಸಕಾರರು ತಮ್ಮ ಆ್ಯಪ್‌ನ್ನು ಚುರುಕು ಕಣ್ಣಿನ ತರುಣರ ಕೈಯಲ್ಲಿ ಮಾತ್ರವಲ್ಲದೆ ಎಪ್ಪತ್ತರ ಅಜ್ಜಿಯ ಕೈಯಲ್ಲಿಯೂ ಇಟ್ಟು ಪರೀಕ್ಷಿಸುವುದು ಅವಶ್ಯ. ಆಕೆಗೆ ಸುಲಭವಾದುದು ಎಲ್ಲರಿಗೂ ಸುಲಭವಾಗುತ್ತದೆ. ಔಷಧವನ್ನು ತಾನೇ ಕೊಂಡು ತಾನೇ ಹಣ ತೆತ್ತು ಮನೆಗೆ ಬರುವ ವೃದ್ಧರ ಆತ್ಮವಿಶ್ವಾಸವೂ ಆರೋಗ್ಯದ ಒಂದು ಅಂಗವೆಂಬುದನ್ನು ಮರೆಯಲಾಗದು.