ಬಿಸಿಲಿನಿಂದ ಬಚ್ಚಲಿಗೆ

ಬೆಂಗಳೂರು, ಮೈಸೂರು ಮೊದಲಾದ ನಗರಗಳ ಅನೇಕ ಮನೆಗಳ ತಾರಸಿಯ ಮೇಲೆ, ದಕ್ಷಿಣಕ್ಕೆ ಮುಖವಾಗಿ ಓರೆಯಾಗಿರಿಸಿದ ಗಾಜಿನ ಫಲಕವನ್ನೂ ಅದಕ್ಕಿಂತ ಎತ್ತರದಲ್ಲಿ ಒಂದು ಹಂಡೆಯನ್ನೂ ನಾವು ಕಾಣುತ್ತೇವೆ. ಅಲ್ಲಿ ಉರಿಯಿಲ್ಲ, ಹೊಗೆಯಿಲ್ಲ, ಪಂಪೂ ಇಲ್ಲ. ಆದರೂ ನಿನ್ನೆಯ ಬಿಸಿಲು ಇಂದು ಮುಂಜಾನೆಯ ಸ್ನಾನಕ್ಕೆ ಒದಗುತ್ತದೆ. ಇದು ಹೇಗೆಂಬುದನ್ನು ವಿಚಾರಿಸೋಣ.

ಫಲಕದೊಳಗೆ ಕಪ್ಪು ಲೇಪನವುಳ್ಳ ತಾಮ್ರದ ತಗಡೂ ಅದಕ್ಕೆ ಬೆಸೆದ ಕೊಳವೆಗಳೂ ಇರುತ್ತವೆ. ಗಾಜು ಸೂರ್ಯನ ಬೆಳಕನ್ನು ಒಳಗೆ ಬಿಡುತ್ತದೆ; ಕಾದ ತಗಡು ಸೂಸುವ ಅವಕೆಂಪು ಕಿರಣಗಳನ್ನು ಹೊರಹೋಗಗೊಡದು. ಗಾಳಿ ಶಾಖವನ್ನು ಕೊಂಡೊಯ್ಯುವುದನ್ನೂ ಅದು ತಡೆಯುತ್ತದೆ.

ಕಾದ ನೀರು ಹಿಗ್ಗಿ ಹಗುರವಾಗುತ್ತದೆ. ಆದುದರಿಂದ ಮೇಲೇರಿ ಹಂಡೆಯನ್ನು ಸೇರುತ್ತದೆ. ಹಂಡೆಯ ತಳದ ತಣ್ಣೀರು ಭಾರವಾದುದರಿಂದ ಫಲಕದ ಅಡಿಗೆ ಇಳಿಯುತ್ತದೆ. ಬಿಸಿಲಿರುವಷ್ಟು ಹೊತ್ತೂ ಈ ಪರಿಚಲನೆ ತಾನಾಗಿಯೇ ಸಾಗುತ್ತದೆ. ಹಂಡೆಯು ಮೇಲಿರಬೇಕಾದ ಕಾರಣವೂ ಇದೇ. ಅದನ್ನು ಫಲಕಕ್ಕಿಂತ ಕೆಳಗಿಟ್ಟರೆ ಪಂಪಿಲ್ಲದೆ ಕೆಲಸ ನಡೆಯದು.

ನೀರು ಕಾಯಿಸುವುದಕ್ಕಿಂತ ಅದರ ಶಾಖವನ್ನು ಕಾಯ್ದಿಡುವುದೇ ಕಠಿಣ. 1891ರಲ್ಲಿ ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ ಎಂಬವನು ಸೌರ ಜಲತಾಪಕಕ್ಕೆ ಪೇಟೆಂಟು ಪಡೆದನು. ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ನೀರಿನ ತೊಟ್ಟಿಗಳನ್ನೇ ಬಿಸಿಲಿಗೊಡ್ಡುವುದು ಅವನ ಕ್ರಮ. ಸಂಜೆಗೆ ಬಿಸಿಯಾಗಿದ್ದ ನೀರು ರಾತ್ರಿ ತಣ್ಣಗಾಗುತ್ತಿತ್ತು. 1909ರ ಸುಮಾರಿಗೆ ಕ್ಯಾಲಿಫೋರ್ನಿಯದ ವಿಲಿಯಂ ಬೈಲಿ, ಕಾಯಿಸುವ ಭಾಗವನ್ನೂ ಶೇಖರಿಸುವ ಹಂಡೆಯನ್ನೂ ಬೇರ್ಪಡಿಸಿ, ಹಂಡೆಗೆ ಶಾಖನಿರೋಧಕ ಹೊದಿಕೆ ತೊಡಿಸಿದನು. ನಮ್ಮ ತಾರಸಿಯ ಸಲಕರಣೆಯ ಮೂಲತತ್ತ್ವ ಇದೇ.

ಈಗ ಲೆಕ್ಕ ಹಾಕೋಣ. 100 ಲೀಟರು ನೀರನ್ನು 20 ಡಿಗ್ರಿಯಿಂದ 60 ಡಿಗ್ರಿ ಸೆಂಟಿಗ್ರೇಡಿಗೆ ಏರಿಸಲು 4,000 ಕಿಲೋಕ್ಯಾಲೊರಿ, ಎಂದರೆ ಸುಮಾರು 4.6 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ತಿಳಿಯಾದ ದಿನ ಒಂದು ಚದರ ಮೀಟರಿನ ಮೇಲೆ ಸುಮಾರು 5 ಯೂನಿಟ್ಟಿನಷ್ಟು ಸೌರಶಕ್ತಿ ಬೀಳುತ್ತದೆ. 2 ಚದರ ಮೀಟರಿನ ಫಲಕ ಅದರಲ್ಲಿ ಅರ್ಧವನ್ನು ಹಿಡಿದರೂ ಸಾಕು.

ಆದರೆ ಮೋಡ ಮುಸುಕಿದ ಆಷಾಢದಲ್ಲಿ ಈ ಲೆಕ್ಕ ತಪ್ಪುತ್ತದೆ. ಆಗ ಬೇರೆ ಆಸರೆ ಬೇಕು. ಗಡಸು ನೀರಿರುವಲ್ಲಿ ಕೊಳವೆಯೊಳಗೆ ಸುಣ್ಣದ ಪೊರೆ ಕಟ್ಟುವುದರಿಂದ ಕಾಲಕಾಲಕ್ಕೆ ಶುದ್ಧಿಮಾಡಬೇಕು. ಬಚ್ಚಲಿಗೆ ಇಳಿಯುವ ಕೊಳವೆ ಗಿಡ್ಡವಾಗಿರಲಿ. 15 ಮಿಲಿಮೀಟರು ಒಳವ್ಯಾಸದ 20 ಮೀಟರು ಕೊಳವೆಯಲ್ಲಿ ಸುಮಾರು ಮೂರೂವರೆ ಲೀಟರು ನೀರು ನಿಂತಿರುತ್ತದೆ; ಅಷ್ಟೂ ತಣ್ಣೀರು ಹರಿದ ಬಳಿಕವೇ ಬಿಸಿನೀರು ಬರುತ್ತದೆ. ಅದನ್ನು ಚರಂಡಿಗೆ ಬಿಡದೆ ಬಕೆಟ್ಟಿನಲ್ಲಿ ಹಿಡಿದರೆ, ಸೂರ್ಯನಿಂದ ವಿದ್ಯುತ್ತನ್ನು ಉಳಿಸಿದ ನಾವು ನೀರನ್ನೂ ಉಳಿಸಿದಂತಾಗುತ್ತದೆ.