12 ಡಾಲರಿನ ಜಗಳ

‘ಎಲ್ಲಾ ಸೇರಿದೆ’ ಎಂದ ಟ್ರಾವೆಲ್ ಏಜೆಂಟನ ಮಾತನ್ನು ನಂಬಿದ್ದು ಈ ಲೇಖಕನ ಭಾವ. ತಾವು ನಂಬಿದ್ದಲ್ಲದೆ ಮನೆಮಂದಿಯನ್ನೆಲ್ಲ ನಂಬಿಸಿ ಮಾಲ್ಡೀವ್ಸಿಗೆ ಹೊರಡಿಸಿದರು.

ಅಲ್ಲಿ ಒಂದು ದ್ವೀಪಕ್ಕೆ ಒಂದೇ ರಿಸಾರ್ಟ್. 1972ರಲ್ಲಿ ಕುರುಂಬಾ ಎಂಬ ರಿಸಾರ್ಟಿನಿಂದ ಶುರುವಾದ ಪದ್ಧತಿ. ಅಕ್ಕಿ, ತರಕಾರಿ ಬಹುಪಾಲು ಹೊರದೇಶದ್ದು. ಸಮುದ್ರದ ನೀರಿನ ಉಪ್ಪು ತೆಗೆಯುವುದಕ್ಕೂ ಎ.ಸಿ.ಗೂ ಹೆಚ್ಚಾಗಿ ಡೀಸೆಲ್ ಜನರೇಟರೇ ಗತಿ. ಊಟ, ಪಾನೀಯಕ್ಕೆಲ್ಲ ಮೊದಲೇ ದುಡ್ಡು ಕಟ್ಟಿದವರು ಪಕ್ಕದ ಊರಿನ ಚಹಾದಂಗಡಿಗೆ ಯಾಕೆ ಹೋಗುತ್ತಾರೆ? ಹೋಗುತ್ತೇನೆಂದರೂ ದೋಣಿ ರಿಸಾರ್ಟಿನದೇ, ಬಾಡಿಗೆ ಬೇರೆ. ಭಾವ ಮಾತ್ರ ಕೊಟ್ಟ ಕಾಸು ವಸೂಲಾಗಲಿ ಎಂದು ಬಫೆಯಲ್ಲಿ ತಟ್ಟೆ ತುಂಬಿಸಿಕೊಂಡು ಅರ್ಧ ಬಿಟ್ಟೇಳುತ್ತಿದ್ದರು.

ಹೊರಡುವ ಬೆಳಿಗ್ಗೆ ಬಿಲ್ ಬಂತು. ಸ್ಪೀಡ್‌ಬೋಟ್ ಬಾಡಿಗೆ, ಹಸಿರು ತೆರಿಗೆ ಎಲ್ಲ ಪ್ರತ್ಯೇಕ. ಭಾವನ ಕಾರ್ಡ್ ಉಜ್ಜಿದರೆ ಒಪ್ಪಲಿಲ್ಲ. ವಿದೇಶದ ಬಳಕೆ ಚಾಲೂ ಮಾಡಿಸಿರಲಿಲ್ಲ. ಬ್ಯಾಂಕಿಗೆ ಫೋನ್ ಮಾಡೋಣವೆಂದರೆ ರೋಮಿಂಗ್ ಇಲ್ಲ. ಜೆಟ್ಟಿಯಲ್ಲಿ ಬೋಟಿನ ಎಂಜಿನ್ ಆಗಲೇ ಗುರುಗುಟ್ಟುತ್ತಿತ್ತು. ಮ್ಯಾನೇಜರ್ ಮುಖದ ನಗು ಮಾಸದಂತೆ ಬಿಲ್ಲನ್ನು ಮತ್ತೆ ಮತ್ತೆ ಮುಂದಕ್ಕೆ ತಳ್ಳುತ್ತಿದ್ದ. ಅಮ್ಮ ಸೂಟ್‌ಕೇಸಿನ ಮೇಲೆ ಕೂತು, ‘ಬಳೆ ಬಿಚ್ಚಿ ಕೊಡ್ಲೇನೋ?’ ಅಂದರು. ಭಾವ ದುಬಾರಿ ಬೋಟನ್ನು ಬಿಟ್ಟು ತೆರಿಗೆಯ ಮೇಲೆ ಬಿದ್ದರು: ‘ಸಮುದ್ರ ನೋಡಿದ್ದಕ್ಕೂ ತೆರಿಗೇನಾ?’ ಕೊನೆಗೆ ಅಕ್ಕನ ಫೋರೆಕ್ಸ್ ಕಾರ್ಡ್ ಮಾನ ಉಳಿಸಿತು. ರಾಜಧಾನಿ ಮಾಲೆಯ ಅಂಗಡಿಗಳಲ್ಲಿ ಖರ್ಚು ಮಾಡಲೆಂದು ಆಕೆ ತೆಗೆದಿಟ್ಟಿದ್ದ ಹಣವದು.

ಜಗಳವಾಡಲೇಬೇಕಿದ್ದರೆ ಬೇರೆ ಯಾವ ಬಾಬ್ತಿಗಾದರೂ ಆಡಬಹುದಿತ್ತು. 2015ರಲ್ಲಿ ರಿಸಾರ್ಟುಗಳಿಗೆ ಬಂದ ಈ ತೆರಿಗೆ 2025ರಿಂದ ತಲೆಗೆ ದಿನಕ್ಕೆ 12 ಡಾಲರ್. ಕಸ, ಒಳಚರಂಡಿ, ಕುಡಿಯುವ ನೀರಿನಂಥ ಕೆಲಸಗಳ ನಿಧಿಗೆ ಹೋಗುತ್ತದೆ. ಮಾಲೆಯ ಪಶ್ಚಿಮಕ್ಕೆ ಕಸದಿಂದಲೇ ಬೆಳೆಸಿದ ತಿಲಫುಶಿ ಎಂಬ ದ್ವೀಪವಿದೆ. ರಾಜಧಾನಿಯ ಜತೆಗೆ ರಿಸಾರ್ಟುಗಳ ಕಸವೂ ಅಲ್ಲಿಗೇ ಹೋಗುತ್ತಿತ್ತು, ದಶಕಗಳ ಕಾಲ ಬಯಲಲ್ಲೇ ಉರಿಯುತ್ತಿತ್ತು.

ಆಫ್ರಿಕಾದ ಗ್ಯಾಂಬಿಯಾ 1999ರಲ್ಲಿ ‘ಎಲ್ಲಾ ಸೇರಿದೆ’ ಎನ್ನುವ ಪ್ಯಾಕೇಜುಗಳನ್ನೇ ನಿಷೇಧಿಸಿ ನೋಡಿತು. ಊರಿನ ಹೋಟೆಲು, ಟ್ಯಾಕ್ಸಿಯವರಿಗೆ ವ್ಯಾಪಾರ ಸಿಗಲೆಂಬ ಆಸೆ. ನಿಷೇಧ ಹೆಚ್ಚು ಕಾಲ ನಿಲ್ಲಲಿಲ್ಲ.

ಹೋಗುವವರು ಪ್ಯಾಕೇಜಿನಲ್ಲಿ ಏನೇನು ಸೇರಿಲ್ಲವೆಂದು ಏಜೆಂಟನಿಂದ ಬರೆಸಿಕೊಳ್ಳಿ. ಕಾರ್ಡಿನ ವಿದೇಶಿ ಬಳಕೆಯನ್ನು ಮನೆಯಲ್ಲೇ ಚಾಲೂ ಮಾಡಿ. ಎರಡು ರಾತ್ರಿಯಾದರೂ ಮಾಫುಶಿಯಂಥ ಜನವಸತಿಯ ದ್ವೀಪದ ಗೆಸ್ಟ್‌ಹೌಸಿನಲ್ಲಿರಿ. ಮದ್ಯ ಸಿಗದು; ಮೀನಿನ ತಿಂಡಿ, ಚಹಾದ ದುಡ್ಡು ಅಂಗಡಿಯವನ ಕೈಗೇ ಸೇರುತ್ತದೆ. ಮಾಲೆಯಿಂದ ಫೆರಿ ಇದೆ. ಶುಕ್ರವಾರ ಅಲ್ಲಿ ರಜೆ, ವೇಳೆ ಮೊದಲೇ ವಿಚಾರಿಸಿಕೊಳ್ಳಿ.